ಉದ್ಧರಣ ಚಿಹ್ನೆಯೊಳಗಿನ ಅವ್ವ: ಸ್ನಾತಕೋತ್ತರ ವಿದ್ಯಾರ್ಥಿಗಳ ಸ್ವಾನುಭವ ಬರವಣಿಗೆಯಲ್ಲಿ ನಿರೂಪಕರ ಕನ್ನಡ

ಸಾರಾಂಶ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಸ್ವಂತ ಬದುಕನ್ನು ಆಧರಿಸಿ ಸಿದ್ಧಪಡಿಸುವ ಸೃಜನಶೀಲ ಬರವಣಿಗೆಯಲ್ಲಿ ಒಂದು ಭಾಷಿಕ ವಿನ್ಯಾಸ ಮತ್ತೆ ಮತ್ತೆ ಎದುರಾಗುತ್ತದೆ. ಪಾತ್ರಗಳು ಊರ ಕನ್ನಡದಲ್ಲಿ ಮಾತಾಡುತ್ತವೆ. ನಿರೂಪಕರು ಪಠ್ಯಪುಸ್ತಕದ ಕನ್ನಡದಲ್ಲಿ ಆ ಮಾತಿಗೆ ಅರ್ಥ ಹೇಳುತ್ತಾರೆ. ಬಂಧುವಾಚಕ ಮತ್ತು ಗೌರವರೂಪ, ಕಥನದೊಳಗಿನ ಮೌಲ್ಯನಿರ್ಣಯ, ‘ಅಂತೆ’ ಎಂಬ ವದಂತಿಸೂಚಕ ರೂಪ, ಈ ಮೂರು ನೆಲೆಗಳಲ್ಲಿ ಲೇಖನ ಆ ವಿನ್ಯಾಸವನ್ನು ಪರಿಶೀಲಿಸುತ್ತದೆ. ಉಪಭಾಷೆಯಲ್ಲೇ ಬರೆಯಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವುದು ಇದಕ್ಕೆ ಪರಿಹಾರವಲ್ಲವೆಂದೂ, ಅನುಭವದ ಅರ್ಥವನ್ನು ನಿರ್ಣಯಿಸುವ ಅಧಿಕಾರ ಬರಹದಲ್ಲಿ ಯಾರ ಕೈಯಲ್ಲಿದೆ ಎಂಬುದನ್ನು ಮೌಲ್ಯಮಾಪಕರು ಮೊದಲು ನೋಡಬೇಕೆಂದೂ ವಾದಿಸುತ್ತದೆ.

ಕೀಲಿಪದಗಳು: ಸ್ವಾನುಭವ ಕಥನ, ನಿರೂಪಕ, ಉಪಭಾಷೆ, ಮೌಲ್ಯನಿರ್ಣಯ, ವದಂತಿಸೂಚಕ

1. ‘ನಿಮ್ಮ ದನಿ’ ಎಂಬ ಸೂಚನೆ

ಸೃಜನಶೀಲ ಬರವಣಿಗೆ ವಿಶ್ವವಿದ್ಯಾಲಯದ ಪಾಠವಾದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1936ರಲ್ಲಿ ರೂಪುಗೊಂಡ ಅಯೋವಾ ಬರಹಗಾರರ ಕಮ್ಮಟದಿಂದ ತೊಡಗುತ್ತಾರೆ. ಆ ಪರಂಪರೆಯನ್ನು ಕುರಿತು ಮಾರ್ಕ್ ಮೆಗರ್ಲ್ 2009ರಲ್ಲಿ ಪ್ರಕಟಿಸಿದ ಅಧ್ಯಯನವು ಅಲ್ಲಿನ ಬೋಧನೆ ನಿಂತಿರುವುದು ಮೂರು ಸೂತ್ರಗಳ ಮೇಲೆ ಎಂದು ತೋರಿಸಿತು: ಗೊತ್ತಿರುವುದನ್ನು ಬರೆಯಿರಿ, ನಿಮ್ಮ ದನಿಯನ್ನು ಕಂಡುಕೊಳ್ಳಿರಿ, ಹೇಳದೆ ತೋರಿಸಿರಿ. ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ‘ನಿಮ್ಮ ಅನುಭವವನ್ನು ಬರೆಯಿರಿ’ ಎಂದು ಹೇಳುವಾಗ ನಾವು ಈ ಸೂತ್ರಗಳನ್ನು ಹೆಸರಿಸದೆಯೇ ಪಾಲಿಸುತ್ತಿರುತ್ತೇವೆ.

ಎರಡನೆಯ ಸೂತ್ರದಲ್ಲಿ ಅಡಗಿರುವ ಪೂರ್ವಗ್ರಹೀತವನ್ನು ಭಾಷಾವಿಜ್ಞಾನದ ಓದುಗರು ಗಮನಿಸದಿರಲಾರರು. ‘ನಿಮ್ಮ ದನಿ’ ಎಂಬ ಮಾತು ಬರೆಯುವವನಿಗೆ ಇರುವುದು ಒಂದೇ ದನಿ ಎಂದು ಭಾವಿಸುತ್ತದೆ. ಮನೆಯ ಮಾತು ಒಂದು, ಬರಹದ ಮಾತು ಇನ್ನೊಂದು ಆಗಿರುವ ಸಮುದಾಯಗಳ ಬಗ್ಗೆ ಚಾರ್ಲ್ಸ್ ಫರ್ಗ್ಯುಸನ್ ‘ದ್ವಿಸ್ತರತೆ’ಯ ಪರಿಕಲ್ಪನೆಯನ್ನು ಮಂಡಿಸಿದ್ದು 1959ರಲ್ಲಿ. ಅವರು ಆರಿಸಿಕೊಂಡ ಉದಾಹರಣೆಗಳಲ್ಲಿ ಕನ್ನಡ ಇರಲಿಲ್ಲ. ಅರಬ್ಬಿ, ಗ್ರೀಕ್, ಸ್ವಿಸ್ ಜರ್ಮನ್ ಮತ್ತು ಹೈಟಿಯ ಕ್ರಿಯೋಲ್ ಇದ್ದವು. ಆದರೂ ‘ಮನಿ’ ಎಂದು ಮಾತಾಡಿ ‘ಮನೆ’ ಎಂದು ಬರೆಯಲು ಕಲಿತ, ‘ಹೊಲದಾಗ’ ದುಡಿದು ‘ಹೊಲದಲ್ಲಿ’ ಎಂದು ಉತ್ತರಪತ್ರಿಕೆ ತುಂಬಿದ ವಿದ್ಯಾರ್ಥಿಗೆ ಆ ಪರಿಕಲ್ಪನೆಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ದನಿಯನ್ನು ಕಂಡುಕೊಳ್ಳಿರಿ ಎಂದರೆ ಆಕೆ ಕೇಳುವ ಮೊದಲ ಪ್ರಶ್ನೆ: ಯಾವ ಕನ್ನಡದಲ್ಲಿ?

ಕನ್ನಡ ಸಾಹಿತ್ಯದಲ್ಲಿ ಈ ಪ್ರಶ್ನೆಗೆ ವಿದ್ಯಾರ್ಥಿ ದೆಸೆಯಲ್ಲೇ ಅಥವಾ ಅದನ್ನು ದಾಟಿದ ಹೊಸತರಲ್ಲಿ ಉತ್ತರ ಕಂಡುಕೊಂಡವರಿದ್ದಾರೆ. ಯು. ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾಕ್ಟರೇಟ್‌ಗಾಗಿ ಓದುತ್ತಿದ್ದಾಗ ಬರೆದ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಕಂಡ ಮಲೆನಾಡಿನ ಅಗ್ರಹಾರದ ಲೋಕವನ್ನು ಅವರು ಪ್ರಥಮ ಪುರುಷದ ಕಥನಕ್ಕೆ ಒಪ್ಪಿಸಿದರು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಕವಿಗೆ ಇಪ್ಪತ್ತೊಂದರ ಆಸುಪಾಸಿನ ವಯಸ್ಸು. ಅಲ್ಲಿ ಆಡುಮಾತು ಕವಿತೆಯೊಳಗಿನ ಯಾವುದೋ ಪಾತ್ರಕ್ಕೆ ಮೀಸಲಾಗದೆ ಕವಿತೆಯ ದನಿಯೇ ಆಗಿತ್ತು. ಇದೇ ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಹೊಸತರಲ್ಲಿ, 1964ರಲ್ಲಿ, ‘ಹೇಳತೇನ ಕೇಳ’ ಪ್ರಕಟಿಸಿದರು. ಆ ಶೀರ್ಷಿಕೆಯ ಕ್ರಿಯಾಪದವೊಂದೇ ಒಂದು ಸಿದ್ಧಾಂತದಂತಿದೆ: ಉತ್ತಮ ಪುರುಷದಲ್ಲಿ ‘ಹೇಳತೇನ’ ಎನ್ನುವಾತ ಪಾತ್ರವಲ್ಲ, ನಿರೂಪಕ.

ಇಂತಹ ಪರಂಪರೆ ಹತ್ತಿರದಲ್ಲೇ ಇದ್ದರೂ ಇಂದಿನ ವಿದ್ಯಾರ್ಥಿಗಳ ಬರಹದಲ್ಲಿ ಊರ ಮಾತು ನಿರೂಪಕರ ಬಾಯಿಂದ ಹೊರಗೇ ಉಳಿದಿದೆ. ಹೀಗೇಕೆ ಎಂಬುದು ಮುಂದಿನ ಭಾಗಗಳ ಪ್ರಶ್ನೆ.

2. ಸಾಮಗ್ರಿ ಮತ್ತು ಅದರ ಮಿತಿ

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಸ್ಥಾಪನೆಯಾದಾಗ ಅದರ ವ್ಯಾಪ್ತಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳದಾಗಿತ್ತು. ಮಲಪ್ರಭೆಯ ಎರಡು ದಂಡೆಗಳ ಹಳ್ಳಿಗಳಿಂದ ಸ್ನಾತಕೋತ್ತರ ತರಗತಿಗೆ ಬರುವವರಲ್ಲಿ ಮನೆತನದಲ್ಲೇ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರು ಹಲವರು. ಅವರ ಬರಹದ ವಸ್ತುಗಳು ಈ ನೆಲದವೇ: ಹತ್ತಿಯ ಪೇಟೆ, ಕಬ್ಬಿನ ಗ್ಯಾಂಗು, ರಾಮದುರ್ಗದ ಮಗ್ಗ, ಎಲ್ಲಮ್ಮನ ಗುಡ್ಡದ ಜಾತ್ರೆ, ನವಿಲುತೀರ್ಥದ ಹಿನ್ನೀರು, ಅಕ್ಕನ ಮದುವೆಯ ಸಾಲ.

ಈ ಭಾಗದ ವಿದ್ಯಾರ್ಥಿಗಳ ಕರಡುಗಳನ್ನು ಓದುವುದು, ತಿದ್ದುವುದು, ಚರ್ಚಿಸುವುದು ನನ್ನ ನಿತ್ಯದ ಕೆಲಸ. ಆದರೆ ಈ ಲೇಖನದಲ್ಲಿ ಯಾವ ವಿದ್ಯಾರ್ಥಿಯ ವಾಕ್ಯವನ್ನೂ ಉದ್ಧರಿಸಿಲ್ಲ. ಕೆಳಗಿನ ಉದಾಹರಣೆಗಳು ಆ ಬರಹಗಳ ವಿನ್ಯಾಸವನ್ನು ತೋರಿಸಲು ನಾನೇ ಕಟ್ಟಿದವು. ಇದಕ್ಕೆ ಕಾರಣ ಆರನೆಯ ಭಾಗದಲ್ಲಿ ಸ್ಪಷ್ಟವಾಗುತ್ತದೆ. ಲೇಖನದ ವಾದವು ಎಣಿಕೆಯನ್ನು ಆಧರಿಸಿದ್ದಲ್ಲ. ಒಂದು ವಿನ್ಯಾಸದ ವ್ಯಾಕರಣವನ್ನು ಬಿಡಿಸಿ ನೋಡುವ ವಿಮರ್ಶೆ ಇದು.

ಮಾದರಿಗೆ ಈ ತುಣುಕನ್ನು ನೋಡಬಹುದು:

(1) ಅಂದು ನನ್ನ ತಂದೆಯವರು ಹೊಲದಿಂದ ಬಂದು ಮೌನವಾಗಿ ಕುಳಿತರು. ತಾಯಿ, ‘‘ಯಾಕ್ರೀ, ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ?’’ ಎಂದು ಕೇಳಿದಳು. ಬಡತನದ ಕರಾಳ ಛಾಯೆ ನಮ್ಮ ಮನೆಯನ್ನು ಆವರಿಸಿತ್ತು.

ಮೂರು ವಾಕ್ಯಗಳು, ಎರಡು ಕನ್ನಡಗಳು. ನಡುವಿನ ವಾಕ್ಯದ ಉದ್ಧರಣ ಚಿಹ್ನೆಗಳು ಬೇಲಿಯಂತೆ ಕೆಲಸ ಮಾಡುತ್ತವೆ. ಬೇಲಿಯೊಳಗಿನ ಮಾತಿಗೆ ಜೀವವಿದೆ, ಆದರೆ ಅದಕ್ಕೆ ನಿರೂಪಿಸುವ ಹಕ್ಕಿಲ್ಲ. ಬೇಲಿಯ ಹೊರಗಿನ ಮಾತಿಗೆ ಆ ಹಕ್ಕಿದೆ. ಆ ಮನೆಯ ಒಲೆಯ ಬಿಸಿ ಮಾತ್ರ ಅದಕ್ಕೆ ತಾಗಿಲ್ಲ.

3. ‘ಅಪ್ಪ’ನಿಂದ ‘ತಂದೆಯವರ’ವರೆಗೆ

ಮೊದಲು ಬಂಧುವಾಚಕ. ಈ ಭಾಗದ ಎಷ್ಟೋ ಮನೆಗಳಲ್ಲಿ ಮಕ್ಕಳು ‘ಅಪ್ಪ ಬಂದ’, ‘ಅವ್ವ ಬಂದ್ಲು’ ಎನ್ನುತ್ತಾರೆ. ಇಬ್ಬರಿಗೂ ಏಕವಚನ, ಅದರಲ್ಲಿ ಅಗೌರವವಿಲ್ಲ, ಸಲಿಗೆಯಿದೆ. ಅದೇ ಮಕ್ಕಳು ಕಾಗದದ ಮುಂದೆ ಕೂತಾಗ ‘ಅಪ್ಪ’ ಎಂಬುದು ‘ತಂದೆಯವರು’ ಆಗುತ್ತದೆ, ಕ್ರಿಯಾಪದವೂ ‘ಕುಳಿತರು’ ಎಂದು ಗೌರವ ಬಹುವಚನಕ್ಕೆ ಏರುತ್ತದೆ. ‘ಅವ್ವ’ ಎಂಬುದು ‘ತಾಯಿ’ ಆಗುತ್ತದೆ. ಆದರೆ ಕ್ರಿಯಾಪದ ‘ಕೇಳಿದಳು’ ಎಂದು ಏಕವಚನದಲ್ಲೇ ಉಳಿಯುತ್ತದೆ.

ಪರಿಣಾಮವನ್ನು ಗಮನಿಸಬೇಕು. ಮನೆಯ ಮಾತಿನಲ್ಲಿ ಮಗಳ ಮುಂದೆ ಸಮಾನರಾಗಿದ್ದ ತಂದೆ ತಾಯಿಯರ ನಡುವೆ ಬರಹದ ವ್ಯಾಕರಣ ಒಂದು ಮೆಟ್ಟಿಲನ್ನು ಕಟ್ಟಿತು. ಅವ್ವ ತನ್ನ ಗಂಡನಿಗೆ ‘ಕುಂತೀರಿ’ ಎನ್ನುವುದು ಗಂಡಹೆಂಡಿರ ನಡುವಿನ ರೂಢಿ. ಆ ರೂಢಿಯೊಳಗಿನ ಅಸಮಾನತೆ ಆಕೆಯದೇ ಮಾತಿನಲ್ಲಿ ದಾಖಲಾಗಿದೆ. ನಿರೂಪಕಿ ಅದನ್ನು ದೂರದಿಂದ ನೋಡಬಹುದಿತ್ತು. ಅದರ ಬದಲು ಆಕೆಯೂ ಅದೇ ಶ್ರೇಣಿಯೊಳಗೆ ನಿಂತು ಮಾತಾಡುತ್ತಿದ್ದಾಳೆ. ತಾಯಿಯ ಬದುಕನ್ನು ಎತ್ತಿ ಹಿಡಿಯಲು ಹೊರಟ ಕಥನದಲ್ಲಿ ಕ್ರಿಯಾಪದದ ಪ್ರತ್ಯಯ ಅದಕ್ಕೆ ಎದುರಾದ ಸಾಕ್ಷ್ಯ ನುಡಿಯುತ್ತದೆ.

ಇದನ್ನು ವಿದ್ಯಾರ್ಥಿಯ ದೋಷವೆಂದು ಪಟ್ಟಿ ಮಾಡುವುದು ಅನ್ಯಾಯ. ‘ನನ್ನ ತಂದೆ’ ಎಂಬ ಶಾಲಾ ಪ್ರಬಂಧದಿಂದ ಶ್ರದ್ಧಾಂಜಲಿ ಲೇಖನದವರೆಗೆ ಬರಹದ ಕನ್ನಡ ಆಕೆಗೆ ಕಲಿಸಿದ್ದು ಈ ರೂಪವನ್ನೇ. ಅನುಭವವನ್ನು ಬರೆಯುವಾಗ ಮಾತ್ರ ಆ ಕಲಿಕೆ ಅಡ್ಡ ಬರುತ್ತದೆ, ಏಕೆಂದರೆ ಬಂಧುವಾಚಕವೆಂಬುದು ಹೆಸರಷ್ಟೇ ಅಲ್ಲ. ಹೇಳುವವರು ಆ ಮನೆಯಲ್ಲಿ ಎಲ್ಲಿ ಕೂತಿದ್ದಾರೆ ಎಂಬುದರ ಗುರುತು ಅದು.

4. ಅರ್ಥ ಹೇಳುವವರು ಯಾರು?

ವಿಲಿಯಂ ಲೆಬಾವ್ ಮತ್ತು ಜೋಶುವಾ ವಾಲೆಟ್ಸ್ಕಿ 1967ರಲ್ಲಿ ಸ್ವಾನುಭವದ ಮೌಖಿಕ ಕಥನಗಳನ್ನು ವಿಶ್ಲೇಷಿಸಿ, ಘಟನಾವಳಿಯೊಂದರಿಂದಲೇ ಕಥನ ಪೂರ್ಣವಾಗದು ಎಂದು ತೋರಿಸಿದರು. ಘಟನೆಯನ್ನು ಏಕೆ ಹೇಳಲಾಗುತ್ತಿದೆ, ಅದರಿಂದೇನು ಎಂಬುದನ್ನು ತಿಳಿಸುವ ಅಂಶವನ್ನು ಅವರು ಮೌಲ್ಯನಿರ್ಣಯ ಎಂದು ಗುರುತಿಸಿದರು. ಲೆಬಾವ್ 1972ರಲ್ಲಿ ಈ ವಿಚಾರವನ್ನು ಮುಂದುವರಿಸಿ ಹೊರಗಿನ ಮತ್ತು ಒಳಗಿನ ಮೌಲ್ಯನಿರ್ಣಯಗಳನ್ನು ಬೇರ್ಪಡಿಸಿದರು. ಕಥೆಯನ್ನು ನಿಲ್ಲಿಸಿ ‘ಅದು ಭಯಂಕರವಾಗಿತ್ತು’ ಎಂದು ಕೇಳುಗರಿಗೆ ನೇರವಾಗಿ ಹೇಳುವುದು ಹೊರಗಿನದು. ಕಥೆಯ ವಾಕ್ಯರಚನೆಯೊಳಗೇ, ನಿಷೇಧರೂಪ, ಪುನರುಕ್ತಿ, ಹೋಲಿಕೆಗಳ ಮೂಲಕ ಆ ಭಾರವನ್ನು ಹೊರಿಸುವುದು ಒಳಗಿನದು.

ಈ ಬೆಳಕಿನಲ್ಲಿ (1)ರ ಕೊನೆಯ ವಾಕ್ಯವನ್ನು ನೋಡಿದರೆ ಅದು ಶುದ್ಧ ಹೊರಗಿನ ಮೌಲ್ಯನಿರ್ಣಯ. ‘ಬಡತನದ ಕರಾಳ ಛಾಯೆ’ ಆ ಮನೆಯ ನುಡಿಗಟ್ಟಲ್ಲ. ಭಾಷಣದ್ದು, ಮುನ್ನುಡಿಯದ್ದು, ಮಾದರಿ ಉತ್ತರದ್ದು. ಯಾವ ಮನೆಗೂ ಅಂಟಿಸಬಹುದಾದ ಚೀಟಿ ಅದು. ಅನುಭವ ವಿದ್ಯಾರ್ಥಿಯದು, ಅದರ ಅರ್ಥ ಮಾತ್ರ ಸಿದ್ಧಸರಕು. ಅದೇ ಸಂಜೆಯನ್ನು ಹೀಗೂ ಹೇಳಬಹುದು:

(2) ಅಪ್ಪ ಹೊಲದಿಂದ ಬಂದ. ಬಂದಾಂವ ಪಟಗಾ ಬಿಚ್ಚಲಿಲ್ಲ, ನೀರ ಕೇಳಲಿಲ್ಲ. ಅವ್ವ ಒಲಿ ಮುಂದಿಂದ ಎದ್ದು ಬಂದ್ಲು.

ಇಲ್ಲಿನ ಎರಡು ನಿಷೇಧರೂಪಗಳು ಲೆಬಾವ್ ಹೇಳುವ ಒಳಗಿನ ಮೌಲ್ಯನಿರ್ಣಯದ ಕೆಲಸ ಮಾಡುತ್ತಿವೆ. ನಡೆಯದೇ ಹೋದದ್ದನ್ನು ಹೇಳಬೇಕಾದರೆ ಎಂದಿನಂತೆ ಏನು ನಡೆಯುತ್ತಿತ್ತು ಎಂಬುದು ಹೇಳುವವರಿಗೆ ಗೊತ್ತಿರಬೇಕು. ದಿನವೂ ಪಟಗ ಬಿಚ್ಚಿ ನೀರು ಕೇಳುವ ಅಪ್ಪನನ್ನು ಕಂಡವರು ಮಾತ್ರ ಈ ವಾಕ್ಯ ಬರೆದಾರು. ‘ಛಾಯೆ’ ಎಂಬ ಪದವಿಲ್ಲದೆಯೇ ಏನೋ ಕೆಟ್ಟದ್ದು ನಡೆದಿದೆ ಎಂಬುದು ಅವ್ವನಿಗೂ ಓದುಗರಿಗೂ ಒಟ್ಟಿಗೇ ತಿಳಿಯುತ್ತದೆ.

(2) ಗೆದ್ದದ್ದು ಉಪಭಾಷೆಯಲ್ಲಿರುವುದರಿಂದ ಎಂದು ಇಲ್ಲಿ ತೀರ್ಮಾನಿಸುವುದು ಸುಲಭ. ಆ ತೀರ್ಮಾನ ತಪ್ಪು ಎಂಬುದಕ್ಕೆ (3) ಸಾಕು:

(3) ಅಪ್ಪ ಹೊಲದಿಂದ ಬಂದ. ಬಂದವನು ಪಟಗ ಬಿಚ್ಚಲಿಲ್ಲ, ನೀರು ಕೇಳಲಿಲ್ಲ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

ಧ್ವನಿರೂಪಗಳು ಶಿಷ್ಟವಾದವು, ಮೌಲ್ಯನಿರ್ಣಯ ಸ್ವಸ್ಥಾನದಲ್ಲೇ ಉಳಿಯಿತು. ವ್ಯತಿರಿಕ್ತವಾಗಿ, (1)ರ ಕೊನೆಯ ವಾಕ್ಯವನ್ನು ‘ಬಡತನದ್ದು ಕರಾಳ ಛಾಯಾ ನಮ್ಮ ಮನಿ ತುಂಬ ಹಬ್ಬಿತ್ತು’ ಎಂದು ಬದಲಿಸಿದರೆ ಸಿದ್ಧಸರಕು ಸಿದ್ಧಸರಕಾಗಿಯೇ ಉಳಿಯುತ್ತದೆ, ಮೇಲೆ ವೇಷವೊಂದು ಸೇರುತ್ತದೆ. ಆದ್ದರಿಂದ ಪ್ರಶ್ನೆ ಪ್ರತ್ಯಯಗಳದ್ದಲ್ಲ. ಅನುಭವಿಸಿದವರೇ ಅದರ ಅರ್ಥವನ್ನೂ ನಿರ್ಣಯಿಸುತ್ತಿದ್ದಾರೆಯೇ ಎಂಬುದು ಪ್ರಶ್ನೆ. ನಿರೂಪಕರ ಕನ್ನಡ ಊರಿನದಾದಾಗ ಅದು ಸಾಧ್ಯವಾಗುವ ಸಂಭವ ಹೆಚ್ಚು, ಏಕೆಂದರೆ ಮನೆಯ ಮಾತಿನಲ್ಲಿ ‘ಕರಾಳ ಛಾಯೆ’ಯಂತಹ ಚೀಟಿಗಳು ಸುಲಭಕ್ಕೆ ಸಿಗುವುದಿಲ್ಲ. ಆದರೆ ಸಂಭವವೆಂಬುದು ಖಾತರಿಯಲ್ಲ.

5. ಕಂಡದ್ದು, ಕೇಳಿದ್ದು: ‘ಅಂತೆ’ಯ ಕೆಲಸ

‘ಸ್ವಾನುಭವ’ ಎಂದು ನಾವು ಕರೆಯುವ ಬರಹದಲ್ಲಿ ದೊಡ್ಡ ಪಾಲು ಬರೆಯುವವರು ಸ್ವತಃ ಅನುಭವಿಸಿದ್ದಲ್ಲ. ಅವ್ವನಿಂದ, ಆಯಿಯಿಂದ, ಊರ ಹಿರಿಯರಿಂದ ಕೇಳಿದ್ದು. ನವಿಲುತೀರ್ಥದ ಅಣೆಕಟ್ಟು ಪೂರ್ಣಗೊಂಡದ್ದು 1970ರ ದಶಕದ ಆರಂಭದಲ್ಲಿ. ಇಂದು ಇಪ್ಪತ್ತಮೂರರ ವಯಸ್ಸಿನವರು ಮುಳುಗಡೆಯನ್ನು ಕಂಡಿರಲಾರರು. ಆದರೂ ಕರಡುಗಳಲ್ಲಿ ಇಂತಹ ವಾಕ್ಯಗಳು ಬರುತ್ತವೆ:

(4) ನೀರು ಊರೊಳಗೆ ನುಗ್ಗಿ ಬಂದಿತು. ಅಜ್ಜಿ ಕಣ್ಣೀರಿಡುತ್ತ ಹುಟ್ಟಿದ ಮಣ್ಣಿಗೆ ಕೊನೆಯ ಬಾರಿ ನಮಸ್ಕರಿಸಿದಳು.

ಕನ್ನಡದಲ್ಲಿ ಕೇಳಿ ತಿಳಿದದ್ದನ್ನು ಗುರುತಿಸಲು ‘ಅಂತೆ’ ಎಂಬ ರೂಪವಿದೆ. ‘ಬಂದ’ ಎಂಬುದಕ್ಕೂ ‘ಬಂದನಂತೆ’ ಎಂಬುದಕ್ಕೂ ಇರುವ ಅಂತರ ಹೇಳುವವರ ಹೊಣೆಗಾರಿಕೆಯ ಅಂತರ. ಪದಾಂತ್ಯದ ಎಕಾರ ಪ್ರತ್ಯಯಗಳಲ್ಲಿ ಅಕಾರವಾಗುವ ಈ ಭಾಗದ ಮಾತಿನಲ್ಲಿ (‘ಅದಕ್ಕೆ’ ಎಂಬುದು ‘ಅದಕ್ಕ’ ಆಗುವಂತೆ) ಈ ರೂಪವೂ ‘ಅಂತ’ ಎಂದೇ ಕೇಳಿಸುತ್ತದೆ. ಉದ್ಧರಣಸೂಚಕ ‘ಅಂತ’ದಿಂದ ಅದನ್ನು ಬಿಡಿಸುವುದು ವಾಕ್ಯದೊಳಗಿನ ಸ್ಥಾನ ಮತ್ತು ಸಂದರ್ಭ. ಮಾತಿನಲ್ಲಿ ಈ ರೂಪವನ್ನು ಬಿಡದೆ ಬಳಸುವ ವಿದ್ಯಾರ್ಥಿ ಬರಹಕ್ಕೆ ಬಂದಾಗ ಅದನ್ನು ಬಿಟ್ಟುಬಿಡುತ್ತಾನೆ. ‘ಅಂತೆ’ ಎಂದರೆ ಅನುಮಾನ, ‘ಅಂತೆಕಂತೆ’ ಎಂದರೆ ಹುರುಳಿಲ್ಲದ ಮಾತು ಎಂದು ಅವನು ಕೇಳಿದ್ದಾನೆ. ಶೈಕ್ಷಣಿಕ ಬರಹದಲ್ಲಿ ಅದಕ್ಕೆ ಜಾಗವಿಲ್ಲವೆಂದು ಭಾವಿಸಿದ್ದಾನೆ. ಆಧಾರದ ಉಲ್ಲೇಖವನ್ನು ಧರ್ಮವೆಂದು ಬೋಧಿಸುವ ಸಂಸ್ಥೆಯಲ್ಲಿ, ಭಾಷೆಯೇ ಒದಗಿಸಿರುವ ಆಧಾರಸೂಚಕವನ್ನು ವಿದ್ಯಾರ್ಥಿ ಅಳಿಸುತ್ತಿರುವುದು ವಿಪರ್ಯಾಸ.

‘ಅಂತೆ’ಯನ್ನು ಮರಳಿ ತಂದರೆ ಬರಹಕ್ಕೆ ಪ್ರಾಮಾಣಿಕತೆಯ ಜೊತೆಗೆ ಬಲವೂ ಬರುತ್ತದೆ:

(5) ನೀರು ಬರುವ ಮೊದಲೇ ಎಲ್ಲರೂ ಊರು ಬಿಟ್ಟಿದ್ದರಂತೆ. ಆಯಿ ಮಾತ್ರ ಬಾಗಿಲ ಚೌಕಟ್ಟು ಕಿತ್ತುಕೊಂಡೇ ಬರುತ್ತೇನೆಂದು ಹಟ ಹಿಡಿದಳಂತೆ. ಆ ಚೌಕಟ್ಟು ಈಗ ನಮ್ಮ ಹಿತ್ತಲ ಬಾಗಿಲಿಗಿದೆ.

ಎರಡು ‘ಅಂತೆ’ಗಳ ನಂತರ ‘ಇದೆ’ ಬರುತ್ತದೆ. ಕೇಳಿದ್ದು ಎಲ್ಲಿ ಮುಗಿಯಿತು, ಕಂಡದ್ದು ಎಲ್ಲಿ ತೊಡಗಿತು ಎಂಬುದನ್ನು ವ್ಯಾಕರಣವೇ ತೋರಿಸುತ್ತದೆ. ತಾನು ಇಲ್ಲದಿದ್ದ ಕಾಲಕ್ಕೂ ತಾನಿರುವ ಮನೆಗೂ ಇರುವ ಸಂಬಂಧವೇ ಇಲ್ಲಿ ನಿರೂಪಕರ ಸ್ವಂತ ಅನುಭವ. (4)ರಲ್ಲಿ ಆ ಸಂಬಂಧ ಕಾಣದು. ಅಲ್ಲಿರುವುದು ಸರ್ವಜ್ಞ ನಿರೂಪಕರ ನೀರು ಮತ್ತು ಕಣ್ಣೀರು.

6. ಎರಡು ಆಕ್ಷೇಪಗಳು

ಹಾಗಾದರೆ ಎಲ್ಲವನ್ನೂ ಊರ ಕನ್ನಡದಲ್ಲೇ ಬರೆಯಲು ಹೇಳಬಾರದೇಕೆ ಎಂಬುದು ಮೊದಲ ಆಕ್ಷೇಪ. ಅದಕ್ಕೆ ಸಾಹಿತ್ಯದ ಸಮರ್ಥನೆಯೂ ಇದೆ. ದೇವನೂರ ಮಹಾದೇವರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ಆಡುಮಾತನ್ನು ನಿರೂಪಣೆಯ ಮಾತಾಗಿಯೇ ಕಟ್ಟಿತು. ಆದರೆ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಮತ್ತು ಸಿದ್ಧಲಿಂಗಯ್ಯನವರ ‘ಊರುಕೇರಿ’ ಬಹುಮಟ್ಟಿಗೆ ಶಿಷ್ಟ ಗದ್ಯದಲ್ಲೇ ಸಾಗಿಯೂ ಅರ್ಥದ ಅಧಿಕಾರವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ‘ಊರುಕೇರಿ’ಯಲ್ಲಿ ನಗೆಯೇ ಒಳಗಿನ ಮೌಲ್ಯನಿರ್ಣಯದ ಸಾಧನ. ದಾರಿ ಒಂದಕ್ಕಿಂತ ಹೆಚ್ಚು ಇವೆ.

ಇನ್ನೂ ಗಂಭೀರವಾದ ಕಾರಣವಿದೆ. ವಿಲಿಯಂ ಮೆಕಾರ್ಮ್ಯಾಕ್ 1960ರಲ್ಲಿ ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳನ್ನು ಕುರಿತು ಬರೆದಾಗಿನಿಂದ, ಈ ಭಾಗದ ಮಾತು ಪ್ರದೇಶದಷ್ಟೇ ಜಾತಿಯನ್ನೂ ಸೂಚಿಸುತ್ತದೆ ಎಂಬುದು ನಮ್ಮ ಶಿಸ್ತಿಗೆ ಗೊತ್ತಿರುವ ಸಂಗತಿ. ‘ಐತಿ’ ಎನ್ನುವ ಮನೆ, ‘ಅದ’ ಎನ್ನುವ ಮನೆ ಯಾವುದೆಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ‘ನಿನ್ನ ಸಹಜ ಭಾಷೆಯಲ್ಲಿ ಬರೆ’ ಎಂಬ ಸೂಚನೆ, ಮೌಖಿಕ ಪರೀಕ್ಷೆಗೆ ಬರುವ ಅಪರಿಚಿತರ ಮುಂದೆ ತನ್ನ ಜಾತಿಯನ್ನು ಕ್ರಿಯಾಪದದಲ್ಲೇ ಘೋಷಿಸು ಎಂಬ ಸೂಚನೆಯೂ ಆಗಬಹುದು. ಶಿಷ್ಟ ಕನ್ನಡ ಕೆಲವರಿಗೆ ಆಸರೆ. ಆ ಆಸರೆಯನ್ನು ಬಿಡುವ ನಿರ್ಧಾರ ಬರೆಯುವವರದೇ ಆಗಿರಬೇಕು.

ಸ್ವಾನುಭವವನ್ನು ಅಂಕಕ್ಕೆ ಒಡ್ಡುವುದೇ ತಪ್ಪಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಎ. ಕೆ. ರಾಮಾನುಜನ್ ಒಂದು ಚೌಕಟ್ಟನ್ನು ಒದಗಿಸುತ್ತಾರೆ. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ, ಮುಂದೆ ಇಂಡಿಯಾನಾ ವಿಶ್ವವಿದ್ಯಾಲಯದಿಂದ 1963ರಲ್ಲಿ ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಅವರು, 1986ರ ಲೇಖನವೊಂದರಲ್ಲಿ ಕನ್ನಡ ಜಾನಪದವನ್ನು ಅಹಂ ಮತ್ತು ಪುರಂ ಎಂಬ ಸಂಗಂ ಕಾವ್ಯಮೀಮಾಂಸೆಯ ಜೋಡಿಯ ಮೂಲಕ ಓದಿದರು. ಮನೆಯೊಳಗೆ ಅಜ್ಜಿ ಹೇಳುವ ಕಥೆಯಲ್ಲಿ ಪಾತ್ರಗಳಿಗೂ ಊರಿಗೂ ಸಾಮಾನ್ಯವಾಗಿ ಹೆಸರಿರುವುದಿಲ್ಲ. ಕಥೆ ಮನೆಯಿಂದ ಬಯಲಿನ ಪ್ರದರ್ಶನದತ್ತ ಸಾಗಿದಂತೆ ಹೆಸರುಗಳು ಬಂದು ಸೇರುತ್ತವೆ.

ವಿದ್ಯಾರ್ಥಿಯ ಸ್ವಾನುಭವ ಬರಹ ಈ ಎರಡು ಲೋಕಗಳ ಹೊಸ್ತಿಲಿನಲ್ಲಿದೆ. ಒಳಮನೆಯ ಮಾತನ್ನು ಅದು ವಿಭಾಗದ ಗ್ರಂಥಾಲಯದ ಕಪಾಟಿಗೆ ತರುತ್ತದೆ. ಸವದತ್ತಿಯ ಗುಡ್ಡದ ಸುತ್ತಲಿನ ಯಾವುದೋ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಹಿರಿಯಳೊಬ್ಬಳ ಕಥೆಯನ್ನು ಮೊಮ್ಮಗ ಬರೆದನೆಂದುಕೊಳ್ಳೋಣ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ಉಲ್ಲೇಖ ಆ ಬರಹಕ್ಕೆ ಸಾಮಾಜಿಕ ಮಹತ್ವ ಕೊಡಬಹುದು. ಆದರೆ ಊರಿನ ಹೆಸರು, ಓಣಿಯ ಹೆಸರು ಸಾಕು, ಆ ಮನೆ ಯಾವುದೆಂದು ಇಡೀ ತಾಲ್ಲೂಕಿಗೆ ತಿಳಿಯಲು. ಬರೆದವನಿಗೆ ಪದವಿ ಸಿಗುತ್ತದೆ, ಬರೆಯಿಸಿಕೊಂಡವಳನ್ನು ಕೇಳಿದವರಾರು? ಈ ಲೇಖನ ವಿದ್ಯಾರ್ಥಿಗಳ ವಾಕ್ಯಗಳನ್ನು ಉದ್ಧರಿಸದಿರುವುದಕ್ಕೆ ಕಾರಣ ಇದೇ. ಒಳಮನೆಯ ಕಥೆಯ ಹೆಸರಿಲ್ಲದಿರುವಿಕೆ ಕೊರತೆಯಲ್ಲ, ಒಂದು ಬಗೆಯ ರಕ್ಷಣೆ. ವಿದ್ಯಾರ್ಥಿ ಅದನ್ನು ತಂತ್ರವಾಗಿಯೂ ಬಳಸಬಹುದು.

7. ಮೌಲ್ಯಮಾಪನ ಮತ್ತು ಮೌಲ್ಯನಿರ್ಣಯ

ಲೆಬಾವ್‌ರ ಪರಿಕಲ್ಪನೆಗೂ ಉತ್ತರಪತ್ರಿಕೆಯನ್ನು ತೂಗುವ ಕೆಲಸಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಸಲ್ಲುತ್ತದೆ. ಕನ್ನಡದಲ್ಲಿ ನಮಗೆ ಎರಡು ಪದಗಳಿವೆ, ಆ ಅನುಕೂಲವನ್ನು ಕಳೆದುಕೊಳ್ಳಬಾರದು. ಮೌಲ್ಯನಿರ್ಣಯ ನಿರೂಪಕರದು, ಮೌಲ್ಯಮಾಪನ ನಮ್ಮದು. ‘ಕರಾಳ ಛಾಯೆ’ಗೆ ಅಂಕ ಬರುತ್ತದೆಂದು ಗೊತ್ತಿರುವಲ್ಲಿ ವಿದ್ಯಾರ್ಥಿ ತನ್ನ ಮೌಲ್ಯನಿರ್ಣಯವನ್ನು ನಮ್ಮ ಮೌಲ್ಯಮಾಪನಕ್ಕೆ ತಕ್ಕಂತೆ ಮೊದಲೇ ಹೊಂದಿಸಿಬಿಡುತ್ತಾನೆ. ನೋವು ಹೆಚ್ಚಿದ್ದಷ್ಟೂ ಬರಹ ಅಧಿಕೃತ ಎಂಬ ನಿರೀಕ್ಷೆಯೂ, ಉಪಭಾಷೆ ದಟ್ಟವಾದಷ್ಟೂ ಸಹಜ ಎಂಬ ನಿರೀಕ್ಷೆಯೂ ಈ ಹೊಂದಾಣಿಕೆಯ ಎರಡು ಮುಖಗಳು. ಒಂದರಲ್ಲಿ ಭಾಷಣದ ಕನ್ನಡ ಬರುತ್ತದೆ, ಇನ್ನೊಂದರಲ್ಲಿ ವೇಷದ ಕನ್ನಡ.

ಭಾಷಾವಿಜ್ಞಾನದ ತರಬೇತಿ ಇರುವ ಓದುಗರು ಇಲ್ಲಿ ಕೊಡಬಹುದಾದದ್ದು ರುಚಿಯ ತೀರ್ಪಿಗಿಂತ ಖಚಿತವಾದ ಪ್ರಶ್ನೆಗಳು. ಈ ಕರಡಿನಲ್ಲಿ ಅಪ್ಪ ಅವ್ವರ ಕ್ರಿಯಾಪದಗಳು ಯಾವ ವಚನದಲ್ಲಿವೆ, ಆ ಆಯ್ಕೆ ಬರೆದವರದೇ? ಘಟನೆಯ ಭಾರವನ್ನು ಹೊತ್ತಿರುವ ವಾಕ್ಯ ಯಾವುದು, ಅದು ಬೇರೆ ಮನೆಯ ಕಥೆಗೂ ಹೊಂದುತ್ತದೆಯೇ? ಕಂಡದ್ದು ಯಾವುದು, ಕೇಳಿದ್ದು ಯಾವುದು, ಅದನ್ನು ಕ್ರಿಯಾಪದ ಹೇಳುತ್ತದೆಯೇ? ಯಾರ ಹೆಸರನ್ನು ಬಿಟ್ಟರೂ ಕಥೆ ನಿಲ್ಲುತ್ತದೆ? ಈ ಪ್ರಶ್ನೆಗಳನ್ನು ಕರಡಿನ ಹಂತದಲ್ಲೇ ವಿದ್ಯಾರ್ಥಿಯ ಮುಂದಿಟ್ಟರೆ ಉತ್ತರವನ್ನು ಅವರೇ ಕಂಡುಕೊಳ್ಳುತ್ತಾರೆ. ಆ ಉತ್ತರ ‘ಐತಿ’ಯಲ್ಲಿ ಬಂದರೂ ‘ಇದೆ’ಯಲ್ಲಿ ಬಂದರೂ ಅವ್ವ ಉದ್ಧರಣ ಚಿಹ್ನೆಯಿಂದ ಹೊರಬಂದು ಕಥನದ ಅರ್ಥದಲ್ಲಿ ಪಾಲು ಪಡೆದಿರುತ್ತಾಳೆ. ಅಂಕವನ್ನು ಆಮೇಲೆ ಕೊಡಬಹುದು.